ಅವನೊಬ್ಬನೇ ಕುಳಿತಿದ್ದ

ಏಳು ಮಂದಿ ಆಟಗಾರರಲ್ಲಿ ಆರು ಮಂದಿ ಎದ್ದು ನಿಂತರು. ಒಬ್ಬ ಮಾತ್ರ ಏಳಲಿಲ್ಲ.

ಹುಡುಗಿಯರ ಪಕ್ಕದಲ್ಲಿ ನಿಂತು ತಾಳ ತೋರಿಸುತ್ತಿದ್ದ ಖುರ್ಷೀದಾಳ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತುಹೋಯಿತು. ಮೈದಾನದ ತುಂಬಾ ಸಾವಿರ ಜನ ಮಿಸುಕದೆ ನಿಂತಿದ್ದಾರೆ. ವೇದಿಕೆಯ ಮೇಲೆ ಗಿರಣಿಯ ಮಾಲೀಕರು, ಅತಿಥಿಗಳು ನಿಂತಿದ್ದಾರೆ. ರಾಷ್ಟ್ರಗೀತೆ ನಡೆಯುತ್ತಿದೆ. ಇವನು ಮಾತ್ರ ಬರಿ ಮೈಗೆ ಮಣ್ಣು ಮೆತ್ತಿಕೊಂಡು ನೆಲದ ಮೇಲೆ ಕುಳಿತಿದ್ದಾನೆ!

ಅಷ್ಟೇ ಅಲ್ಲ, ಅವನ ತುಟಿ ಆಡುತ್ತಿತ್ತು.

‘ಅಣಕಿಸುತ್ತಿದ್ದಾನೆ... ನನ್ನ ಹುಡುಗಿಯರನ್ನು, ಈ ಹಾಡನ್ನು ಅಣಕಿಸುತ್ತಿದ್ದಾನೆ.’

ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಆಗಸ್ಟ್ ಹದಿನೈದು. ದಾವಣಗೆರೆಯ ಒಂದು ಹತ್ತಿ ಗಿರಣಿಯವರು ಕಬಡ್ಡಿ ಪಂದ್ಯ ಇಟ್ಟಿದ್ದರು. ಗೆದ್ದದ್ದೂ ಗಿರಣಿಯ ಕಾರ್ಮಿಕರ ತಂಡವೇ. ಬಹುಮಾನದ ಹೊತ್ತಿಗೆ ಹಾಡಲು ಹರಿಹರದ ಖಾಸಗಿ ಹೈಸ್ಕೂಲಿನ ಹುಡುಗಿಯರನ್ನು ಕರೆತಂದಿದ್ದ ಟೀಚರ್ ಖುರ್ಷೀದಾ.

ಹಾಡು ಮುಗಿದದ್ದೇ ತಡ, ಅವಳು ನೇರವಾಗಿ ಅವನ ಮುಂದೆ ಹೋಗಿ ನಿಂತಳು.

“ಯಾಕ ಏಳಲಿಲ್ಲ ನೀವು?”

ಅವನು ತಲೆಯೆತ್ತಿದ. ಕಣ್ಣು ಕೆಂಪಗಿದ್ದವು. “ಹೇಳ್ತೀನ್ರಿ ಟೀಚರ್. ಮೊದಲು ಮಾಲೀಕರನ್ನ ಒಂದು ಮಾತು ಕೇಳೋದೈತೆ.”

ಖುರ್ಷೀದಾ ಅವನನ್ನು ಮುಂದೆ ಮಾತಾಡಲು ಬಿಡಲಿಲ್ಲ. “ನನ್ನ ಅಣ್ಣ ಗಡಿಯಾಗೆ ಸತ್ತಾನೆ. ಅವನ ಹೆಣವೂ ಮನೆಗೆ ಬರಲಿಲ್ಲ. ನಿಮ್ಮಂಥೋರಿಂದ ನಮ್ಮೆಲ್ಲರ ಮುಖಕ್ಕೆ ಮಸಿ ಬಳಿದಂಗಾಯ್ತು.”

ಮೈಕ್ ಹತ್ತಿರದಲ್ಲೇ ಇತ್ತು. ಆ ಮಾತು ಮೈದಾನದ ಕೊನೆಯವರೆಗೂ ಕೇಳಿಸಿತು.

“ಯಾರವನು?” ಎಂದು ಯಾರೋ ಕೂಗಿದರು. “ಹಿದಾಯತ್ ಅಂತೆ” ಎಂದರು ಇನ್ಯಾರೋ. ಆ ಹೆಸರು ಕೇಳಿದ ಮೇಲೆ ಜನರ ದನಿಯೇ ಬೇರೆಯಾಯಿತು. ಕಟ್ಟೆಯಿಂದ ಹತ್ತಿಪ್ಪತ್ತು ಮಂದಿ ಧುಮುಕಿದರು. ಅಂಕಣದ ಗೂಟ ಕಿತ್ತರು. ಅವನು ಕೈ ಅಡ್ಡ ಹಿಡಿದದ್ದು, ಮಗುಚಿ ಬಿದ್ದದ್ದು, ಮೊಣಕಾಲನ್ನು ಎರಡೂ ಕೈಯಲ್ಲಿ ಅವುಚಿಕೊಂಡದ್ದು ಖುರ್ಷೀದಾಳಿಗೆ ಕಾಣಿಸಿತು.

ಅವಳು ಹುಡುಗಿಯರನ್ನು ಸೇರಿಸಿಕೊಂಡು ಹಿಂದೆ ಸರಿದಳು. ‘ಆಗಬೇಕಾದ್ದೇ ಆಯಿತು’ ಎಂದುಕೊಂಡಳು.

ಹಾಗೆ ಅಂದುಕೊಳ್ಳಲು ಅವಳಿಗೆ ಕಾರಣವಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಅಣ್ಣ ನಬೀ ತೀರಿಕೊಂಡ. ಮಗನ ಕೊರಗಿನಲ್ಲೇ ವರ್ಷದೊಳಗೆ ಅಮ್ಮಿ ಹೋದಳು. ಇಷ್ಟಾದರೂ ರೇಡಿಯೋದಲ್ಲಿ ಪಾಕಿಸ್ತಾನದ ಜೊತೆಗಿನ ಹಾಕಿ ಕಾಮೆಂಟರಿ ಬಂದಾಗಲೆಲ್ಲ ಯಾರಾದರೊಬ್ಬರು ಅಬ್ಬಾನ ಟೇಲರ್ ಅಂಗಡಿಯ ಮುಂದೆ ನಿಂತು, “ಏನ್ ಸಾಬ್ರೆ, ಯಾರ ಕಡೆ ನೀವು?” ಎಂದು ನಗುತ್ತಿದ್ದರು. ಅಬ್ಬಾ, ಕರೀಂ ಸಾಬ್, ತಲೆ ತಗ್ಗಿಸಿ ಮಿಷನ್ ತುಳಿಯುತ್ತಿದ್ದರು. ಒಬ್ಬ ಎದ್ದು ನಿಲ್ಲದಿದ್ದರೆ ಅದರ ಲೆಕ್ಕ ಎಲ್ಲ ಸಾಬರ ತಲೆಗೂ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ವಾರದ ಮೇಲೆ ಗಿರಣಿಯವರು ಬಂದು ಕಂಡದ್ದನ್ನು ಬರೆದುಕೊಡಿ ಎಂದರು. ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: ‘ಅವರೊಬ್ಬರೇ ಕುಳಿತಿದ್ದರು. ತುಟಿಯಾಡಿಸಿ ರಾಷ್ಟ್ರಗೀತೆಯನ್ನು ಅಣಕಿಸುತ್ತಿದ್ದರು.’

ಆ ಪತ್ರ ಸಾಕಾಯಿತು. ಹಿದಾಯತ್‌ನನ್ನು ಕೆಲಸದಿಂದ ತೆಗೆದುಹಾಕಿದರು.

---

ಡಿಸೆಂಬರ್ ತಿಂಗಳಲ್ಲಿ ಒಬ್ಬ ಹೆಂಗಸು ಮಗಳ ಕೈ ಹಿಡಿದು ಶಾಲೆಗೆ ಬಂದಳು. ಹೆಸರು ಮೈಲಮ್ಮ. ಗಂಡ ತೀರಿದ ಮೇಲೆ ದಾವಣಗೆರೆ ಬಿಟ್ಟು ಹರಿಹರದ ತವರಿಗೆ ಬಂದಿದ್ದಳು.

“ಹುಡುಗಿಯ ತಂದೆ ಹೆಸರು?”

“ಸೂರಪ್ಪ ಅಂತ್ರಿ. ಗಿರಣಿ ಕಬಡ್ಡಿ ತಂಡದ ಕ್ಯಾಪ್ಟನ್ ಇದ್ರು. ಜುಲೈನಾಗೆ ಹೋಗಿಬಿಟ್ರು.”

ಖುರ್ಷೀದಾಳ ಪೆನ್ನು ನಿಂತಿತು. “ಏನಾಗಿತ್ತು?”

“ಮಿಷನ್ನಿಗೆ ಸಿಕ್ಕಿಬಿದ್ರು ಅಕ್ಕಾರ. ರಜಾದಾಗಿದ್ದೋರನ್ನ ಗಿರಣಿಯೋರೇ ಕರೆದು ಕೆಲಸಕ್ಕೆ ಹಚ್ಚಿದ್ರು. ಸತ್ತ ಮ್ಯಾಲೆ, ಇವ ಅವತ್ತು ಕೆಲಸದಾಗೇ ಇರಲಿಲ್ಲ, ಕುಡಿದು ಒಳಗೆ ನುಗ್ಗಿದ್ದ ಅಂತ ಬರೆದ್ರು. ನನ್ನ ಗಂಡ ಒಂದು ದಿನ ಕುಡಿದೋರಲ್ಲ...”

ಮೈಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. “ತಂಡದೋರು ಮೂರು ವಾರ ಆಫೀಸಿಗೆ ಅಲೆದ್ರು. ಯಾರೂ ಕೇಳಲಿಲ್ಲ. ಕಡೀಗೆ, ಹಾಡು ಹಾಡೋವಾಗ ಏಳೂ ಮಂದಿ ಕುಂತುಬಿಡೋಣ, ಯಾಕ ಕುಂತ್ರಿ ಅಂತ ಎಲ್ರ ಮುಂದೆ ಮಾಲೀಕರು ಕೇಳ್ತಾರೆ, ಆಗ ಸೂರಪ್ಪಣ್ಣನ ಹೆಸರು ಹೇಳೋಣ ಅಂತ ಮಾತಾಡ್ಕೊಂಡಿದ್ರು. ಆ ಹೊತ್ತಿಗೆ ಆರು ಮಂದಿಗೆ ಧೈರ್ಯ ಸಾಲಲಿಲ್ಲ. ಹಿದಾಯತ್ ಒಬ್ಬನೇ ಕುಂತ. ಯಾರೋ ಟೀಚರಮ್ಮ ಮೈಕಿನಾಗೆ ಏನೋ ಅಂದಳಂತೆ. ಹೊಡೆದು ಕಾಲು ಮುರಿದರು. ಈಗ ಮಲೆಬೆನ್ನೂರಿನ ಅಕ್ಕಿ ಗಿರಣ್ಯಾಗೆ ಅದಾನೆ.”

ಆ ಟೀಚರಮ್ಮ ನಾನೇ ಎಂದು ಹೇಳಲು ಖುರ್ಷೀದಾಳಿಗೆ ಬಾಯಿ ಬರಲಿಲ್ಲ.

ಸಂಜೆ ಅಬ್ಬಾನ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. ಕರೀಂ ಸಾಬ್ ಮಿಷನ್ ನಿಲ್ಲಿಸಿ, “ನಬೀ ಯಾರಿಗಾಗಿ ಸತ್ತ ಬೇಟಿ? ಆ ಸೂರಪ್ಪನಂಥೋರಿಗಾಗೂ ಅಲ್ವಾ?” ಎಂದರು.

---

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಮಲೆಬೆನ್ನೂರಿನ ಬಸ್ಸು ಹತ್ತಿದಳು.

ಅವನು ಅಕ್ಕಿ ಗಿರಣಿಯ ಜಗಲಿಯಲ್ಲಿ ಕುಳಿತು ಚೀಲದ ಬಾಯಿ ಹೊಲಿಯುತ್ತಿದ್ದ. ಬಲಗಾಲು ಮಡಚಲಾರದೆ ಮುಂದಕ್ಕೆ ಚಾಚಿತ್ತು. ಅವಳನ್ನು ಕಂಡು ಸೂಜಿ ಕೆಳಗಿಟ್ಟ.

“ಕೂಡ್ರಿ ಟೀಚರ್.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ... ಆ ಮರ್ಯಾದೆ ಅವಳ ಎದೆಯನ್ನು ಕೊರೆಯಿತು.

“ನಾನು ಸುಳ್ಳು ಬರೆದೆ. ನೀವು ಅಣಕಿಸಿದ್ರಿ ಅಂತ ಬರೆದೆ.”

“ಹಾಡ್ತಿದ್ದೆ ರೀ,” ಎಂದ ಅವನು ಮೆಲ್ಲಗೆ. “ಕುಂತೇ ಹಾಡ್ತಿದ್ದೆ. ಆ ಹಾಡಿನ ಮ್ಯಾಲೆ ನನಗೇನು ಸಿಟ್ಟು? ಮಾತಾಡೋಕೆ ಹೋದ್ರೆ ಮೈಕ್ ಕಿತ್ಕೋತಿದ್ರು. ಎಲ್ಲರೂ ನನ್ನ ನೋಡೋ ಹೊತ್ತು ಅದೊಂದೇ ಇತ್ತು. ಮನಸ್ಸಿಗೆ ಕಷ್ಟ ಆಯ್ತು. ಆದ್ರೂ ಕುಂತೆ.”

ಅವಳು ಮುಖ ಮುಚ್ಚಿಕೊಂಡಳು. ಅವನು ಸೂಜಿ ಎತ್ತಿಕೊಂಡು ಮತ್ತೆ ಹೊಲಿಯತೊಡಗಿದ. ಬಸ್ಸಿನ ಹೊತ್ತಾದಾಗ ಮಾತ್ರ, “ಹೋಗ್ರಿ, ಆಮೇಲೆ ಸೀಟು ಸಿಗಲ್ಲ” ಎಂದ.

ಮುಂದಿನ ಶನಿವಾರವೂ ಅವಳು ಹೋದಳು. ಅದರ ಮುಂದಿನ ಶನಿವಾರವೂ. ಟೇಲರ್ ಮಗಳು, ಸುಮ್ಮನೆ ಕೂರಲಾರದೆ ಒಂದು ದಿನ ಗೋಣಿಸೂಜಿ ತೆಗೆದುಕೊಂಡು ತಾನೂ ಹೊಲಿದಳು. ಅವಳ ಹೊಲಿಗೆ ನೋಡಿ ಅವನು ನಕ್ಕ. “ಇದು ಅಕ್ಕಿ ಚೀಲ ರೀ, ಮದುವಣಗಿತ್ತಿ ರವಿಕೆ ಅಲ್ಲ.” ಅವನು ನಕ್ಕದ್ದನ್ನು ಅವಳು ಮೊದಲ ಸಲ ನೋಡಿದ್ದು ಆಗಲೇ. ಆ ನಗು ವಾರವಿಡೀ ಅವಳ ಜೊತೆ ಶಾಲೆಗೆ ಹೋಯಿತು, ಅಡುಗೆಮನೆಗೆ ಬಂತು.

ಜನವರಿಯ ಒಂದು ಶನಿವಾರ ಅವಳೇ ಬಾಯಿಬಿಟ್ಟಳು.

“ನನ್ನ ಮದುವೆ ಆಗ್ತೀರಾ?”

ಅವನ ಮುಖ ಬಿಳಿಚಿತು. ಚಾಚಿದ ಕಾಲನ್ನೇ ನೋಡುತ್ತಾ ಹೇಳಿದ. “ಬ್ಯಾಡ ಟೀಚರ್. ಈ ಕಾಲು ನೋಡಿ ಮರುಗಿ ಬಂದೀರಿ. ಪಾಪ ತೊಳೆಯೋಕೆ ಯಾರೂ ಮದುವೆ ಆಗಬಾರದು. ನಾನು ಯಾವತ್ತೋ ಕ್ಷಮಿಸೀನಿ. ಇನ್ನು ಬರಬ್ಯಾಡ್ರಿ.”

ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿಕೊಂಡು ಕುಳಿತಳು. ‘ಪಾಪವಂತೆ... ಪಾಪ ಮಾತ್ರವಾಗಿದ್ದರೆ ಎದೆ ಹೀಗೆ ಬಿರಿಯುತ್ತಿತ್ತೇ?’ ಆದರೆ ಅವನಿಗೆ ಅದನ್ನು ಯಾವ ಬಾಯಿಂದ ಹೇಳುವುದು? ಮೊದಲು ತೀರಿಸಬೇಕಾದದ್ದು ಬೇರೆ ಇತ್ತು.

---

ಜನವರಿ ಇಪ್ಪತ್ತಾರು. ಹರಿಹರದ ಸಭೆಯಲ್ಲಿ ಹುಡುಗಿಯರು ಹಾಡಿದರು. ಖುರ್ಷೀದಾ ನೆಟ್ಟಗೆ ನಿಂತು ಜೊತೆಗೆ ಹಾಡಿದಳು. ಮುಗಿದ ಮೇಲೆ ಮೈಕಿನ ಮುಂದೆ ಬಂದಳು.

“ನಾನು ಸೈನಿಕನೊಬ್ಬನ ತಂಗಿ. ಆಗಸ್ಟಿನಲ್ಲಿ ಒಬ್ಬ ಆಟಗಾರನ ಬಗ್ಗೆ ತಪ್ಪು ಬರೆದುಕೊಟ್ಟೆ. ಆತ ಅಣಕಿಸಲಿಲ್ಲ, ಹಾಡುತ್ತಿದ್ದ. ಸೂರಪ್ಪ ಅನ್ನುವ ಕಾರ್ಮಿಕ ಗಿರಣಿಯ ಕೆಲಸದಲ್ಲೇ ಸತ್ತ ಅಂತ ಹೇಳೋಕೆ ಕುಳಿತಿದ್ದ. ಅವತ್ತು ಆ ಮಾತು ಕೇಳಿಸದ ಹಾಗೆ ಮಾಡಿದವಳು ನಾನು. ಅದಕ್ಕೇ ಇವತ್ತು ಹೇಳ್ತಾ ಇದೀನಿ.”

ಮೈಕ್ ಆಫ್ ಆಯಿತು. ಒಂದು ಚಪ್ಪಾಳೆಯೂ ಬರಲಿಲ್ಲ. ಜನರ ನಡುವೆ ಮೈಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ತಿಂಗಳೊಳಗೆ ಆಡಳಿತ ಮಂಡಳಿ ಖುರ್ಷೀದಾಳನ್ನು ಶಾಲೆಯಿಂದ ಬಿಡಿಸಿತು. ಅವಳು ಅಬ್ಬಾನ ಅಂಗಡಿಯಲ್ಲಿ ಗುಂಡಿ ಹೊಲಿಯತೊಡಗಿದಳು. ಮಲೆಬೆನ್ನೂರಿನ ಕಡೆ ತಲೆಹಾಕಲಿಲ್ಲ. ಬರಬ್ಯಾಡ್ರಿ ಎಂದಿದ್ದನಲ್ಲ...

ಆದರೆ ಅವಳ ಮಾತು ದಾವಣಗೆರೆ ಮುಟ್ಟಿತ್ತು. ಅಂದು ಎದ್ದು ನಿಂತ ಆರು ಮಂದಿಯಲ್ಲಿ ಕರಿಬಸವರಾಜ ಎಂಬವನು ಮೊದಲು ಸರ್ಕಾರದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಸೂರಪ್ಪಣ್ಣನ ಪಕ್ಕದ ಮಿಷನ್ನಿನಲ್ಲೇ ನಾನಿದ್ದೆ ಎಂದು ಹೇಳಿಕೆ ಕೊಟ್ಟ. ಉಳಿದ ಐವರೂ ಹೋದರು. ಏಪ್ರಿಲ್ ಕೊನೆಯಲ್ಲಿ ಸೂರಪ್ಪ ಕೆಲಸದ ಮೇಲಿದ್ದಾಗಲೇ ಸತ್ತನೆಂದು ಗಿರಣಿ ಒಪ್ಪಿಕೊಂಡಿತು. ಮೈಲಮ್ಮ ಆ ಕಾಗದವನ್ನು ಗಂಡನ ಫೋಟೋದ ಮುಂದಿಟ್ಟು ಮಧ್ಯಾಹ್ನವೆಲ್ಲ ಅತ್ತಳು. ಹಿದಾಯತ್‌ಗೆ ಕೆಲಸ ಮರಳಿ ಸಿಗಲಿಲ್ಲ. ಅವನ ಕಾಲೂ ಸರಿಹೋಗಲಿಲ್ಲ.

---

ಮೇ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿನಲ್ಲಿ ಯಾರೋ ಕಾಲೆಳೆಯುತ್ತಾ ಬಂದು ಅಂಗಡಿಯ ಮೆಟ್ಟಿಲ ಬಳಿ ನಿಂತರು. ಖುರ್ಷೀದಾ ತಲೆಯೆತ್ತಿದಳು. ಹಿದಾಯತ್!

ಕರೀಂ ಸಾಬ್ ಅವನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದರು. ಎದ್ದು ಪರದೆ ಸರಿಸಿ ಒಳಮನೆಗೆ ಹೋದರು.

“ನಿಮ್ಮ ಕೆಲಸ ಹೋಯ್ತಂತೆ. ಮೈಲಕ್ಕ ನಿನ್ನೆ ಹೇಳಿದ್ರು,” ಎಂದ ಹಿದಾಯತ್.

“ನಿಮ್ಮದೂ ಹೋಗಿತ್ತಲ್ಲ.”

ಅವನು ಮೆಟ್ಟಿಲ ಮೇಲೆ ಕಷ್ಟಪಟ್ಟು ಕುಳಿತ. “ಪಾಪ ತೊಳೆಯೋಕೆ ಬಂದೀರಿ ಅಂದುಬಿಟ್ಟೆ ಅವತ್ತು. ತಪ್ಪು ಮಾತಾಡಿದೆ.”

“ತಪ್ಪಲ್ಲ. ಮೊದಲೆರಡು ಸಲ ಅದಕ್ಕೇ ಬಂದಿದ್ದೆ.”

“ಆಮೇಲೆ?”

“ಆಮೇಲೆ ನಿಮ್ಮನ್ನ ನೋಡೋಕೆ.”

ಗೋಡೆಯ ಮೇಲೆ ಸಮವಸ್ತ್ರದಲ್ಲಿದ್ದ ನಬೀಯ ಪಟದತ್ತ ಅವನ ಕಣ್ಣು ಹೋಯಿತು. ಇಪ್ಪತ್ತೆರಡು ವರ್ಷದ ಮುಖ.

“ಇವರು ಇದ್ದಿದ್ರೆ ನನ್ನ ಒಪ್ತಿದ್ರಾ?”

ಖುರ್ಷೀದಾ ಸುಳ್ಳು ಹೇಳಲಿಲ್ಲ. “ಗೊತ್ತಿಲ್ಲ. ಜಗಳ ಆಡ್ತಿದ್ದ. ಗಟ್ಟಿಯಾಗೇ ಆಡ್ತಿದ್ದ. ಆಮೇಲೆ ಊಟಕ್ಕೆ ಕೂಡಿಸ್ತಿದ್ದ.”

“ಜಗಳ ಆಡೋಕಾದ್ರೂ ಅವರು ಇರಬೇಕಿತ್ತು.”

ಒಂಬತ್ತು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ವೀರ ಅಂದಿದ್ದರು, ಹೆಮ್ಮೆ ಅಂದಿದ್ದರು. ಇರಬೇಕಿತ್ತು ಎಂದವನು ಇವನೊಬ್ಬನೇ. ಅವಳ ಕಣ್ಣೀರು ಕೈಯಲ್ಲಿದ್ದ ಬಟ್ಟೆಯ ಮೇಲೆ ಬಿತ್ತು. ಹಿದಾಯತ್ ಕೈ ಚಾಚಿ ಆ ಬಟ್ಟೆಯನ್ನು ಬಿಡಿಸಿಕೊಂಡು ಪಕ್ಕಕ್ಕಿಟ್ಟ. ಅವಳ ಬೆರಳನ್ನು ಮಾತ್ರ ಬಿಡಲಿಲ್ಲ.

“ನಾನು ಮೆಲ್ಲಗೆ ನಡೀತೀನಿ, ಖುರ್ಷೀದಾ. ಬೇಗ ದಣೀತೀನಿ.”

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ನನಗೂ ಎಲ್ಲಿಗೂ ಅವಸರ ಇಲ್ಲ.”

“ಹಂಗಾದ್ರೆ ಅಬ್ಬಾರನ್ನ ಯಾವಾಗ ಕೇಳಲಿ?”

“ಈಗಲೇ ಕೇಳ್ರಿ,” ಎಂದಳು ಅವಳು, ಅಳುತ್ತಲೇ. “ಪರದೆ ಹಿಂದೇ ನಿಂತಾರೆ.”