ಒಂಬತ್ತನೇ ಕುಟುಂಬದ ನೋಟ್‌ಬುಕ್

2025ರ ಮೇ 16, ಶುಕ್ರವಾರ ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಮ್ಯಾನ್‌ಹೈಮ್ ನಗರದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರರು ಗ್ರಾಮಜೀವನ ಅಧ್ಯಯನ ಸಂಸ್ಥೆಯ ದಾಖಲಾಗಾರ ನೋಡಿಕೊಳ್ಳುವ ಡಾ. ಶುಭಾ, ವಯಸ್ಸು ಮೂವತ್ತೆಂಟು, ಊರು ಮೈಸೂರು. ಕಳುವಾದ ವಸ್ತು: 1911ನೇ ಇಸವಿಯ ಒಂದು ನೋಟ್‌ಬುಕ್, ಕಂದು ಬಣ್ಣದ ರಟ್ಟು, ತೂಕ 212 ಗ್ರಾಂ.

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಟಿಮೋ ಹಾರ್ಟ್‌ಮನ್ ಐವತ್ತು ದಾಟಿದವನು. ನೋಟ್‌ಬುಕ್ಕಿನ ತೂಕ ಹೇಳಿದ ದೂರುದಾರರನ್ನು ಅವನು ತನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ಒಳಕೋಣೆಗೆ ಹೋಗಿ ಇನ್ಸ್‌ಪೆಕ್ಟರ್ ಗಗನಾ ಅವರನ್ನು ಕರೆತಂದ.

ಗಗನಾ ಹುಟ್ಟಿ ಬೆಳೆದದ್ದು ಮ್ಯಾನ್‌ಹೈಮ್‌ನಲ್ಲೇ. ತಂದೆತಾಯಿ ಹಾಸನದ ಕಡೆಯವರು. ಕನ್ನಡ ಅಡುಗೆಮನೆಯಲ್ಲಿ ಕಲಿತದ್ದು, ಪೊಲೀಸ್ ಕೆಲಸಕ್ಕೆ ಬೇಕಾದ ಪದಗಳು ಅಲ್ಲಿ ಸಿಕ್ಕಿರಲಿಲ್ಲ.

"ಕೂತ್ಕೊಳ್ಳಿ. ಯಾವಾಗ ಗೊತ್ತಾಯ್ತು?"

ಠಾಣೆಯಲ್ಲಿ ಕನ್ನಡ ಕೇಳಿದ ಶುಭಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕುಳಿತರು. "ಇವತ್ತು ಎಂಟೂವರೆಗೆ ಮೇಡಂ. ಮಂಗಳವಾರ ನಮ್ಮ ಎಕ್ಸಿಬಿಷನ್ ಓಪನ್ ಆಗುತ್ತೆ. ಅದಕ್ಕೆ ಅಂತ ಬಾಕ್ಸ್ ತೆಗೆದೆ. ನೋಟ್‌ಬುಕ್ ಇರೋ ಜಾಗದಲ್ಲಿ ಬೇರೆ ಏನೋ ಇತ್ತು."

"ಬಾಕ್ಸ್ ಕೊನೇಲಿ ವಾಪಸ್ ತಗೊಂಡಿದ್ದು ಯಾರು?"

"ನಾನೇ. ನಿನ್ನೆ ಸಂಜೆ ನಾಲ್ಕೂವರೆಗೆ. ರಿಜಿಸ್ಟರ್‌ನಲ್ಲಿ ನನ್ನದೇ ಸೈನ್ ಇದೆ."

"ತೆರೆದು ನೋಡ್ಲಿಲ್ವಾ?"

"ತೂಕ ನೋಡ್ತೀವಿ. ಕೊಡೋವಾಗ ಒಂದ್ಸಲ, ತಗೊಳ್ಳೋವಾಗ ಒಂದ್ಸಲ. ಕರೆಕ್ಟಾಗಿತ್ತು." ಶುಭಾ ಕೈಯಲ್ಲಿದ್ದ ಐಡಿ ಕಾರ್ಡನ್ನು ತಿರುಗಿಸುತ್ತಾ ಕೇಳಿದರು, "ಎಫ್‌ಐಆರ್ ಹಾಕ್ತೀರಾ ಮೇಡಂ? ಜೂನ್‌ಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಡೈರೆಕ್ಟರ್ ಏನೂ ಅಂದಿಲ್ಲ. ಆದ್ರೆ ಬೆಳಗ್ಗೆಯಿಂದ ನನ್ನ ಮುಖ ನೋಡ್ತಿಲ್ಲ."

"ಇಲ್ಲಿ ಅದಕ್ಕೆ ಆನ್‌ಸೈಗೆ ಅಂತೀವಿ. ಆಗಲೇ ಆಯ್ತು," ಎಂದರು ಗಗನಾ. "ಬನ್ನಿ, ಜಾಗ ನೋಡೋಣ."

ಬೆಳಗ್ಗೆ 10.25ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಸಂಸ್ಥೆಯ ಓದುವ ಕೋಣೆಯಲ್ಲಿ ಆರು ಮೇಜುಗಳು, ಒಂದು ತಕ್ಕಡಿ. ಗೋಡೆಗೆ ಕನ್ನಡಕ ಹಾಕಿದ ತೆಳ್ಳನೆಯ ಮನುಷ್ಯನೊಬ್ಬನ ಫೋಟೋ ಹಾಕಿತ್ತು. ಆತ ಡಾ. ಎರ್ನ್‌ಸ್ಟ್ ವೀಗಾಂಡ್ ಎಂದು ಶುಭಾ ಹೇಳಿದರು. 1910ರಿಂದ ಮೂರು ವರ್ಷ ಸುತ್ತಲಿನ ಹಳ್ಳಿಗಳ ರೈತರ ಮನೆಗಳಲ್ಲಿ ತಂಗಿ, ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಹಾಲು ಕರೆಯುತ್ತಾರೆ, ಮಕ್ಕಳು ಯಾವ ವಯಸ್ಸಿಗೆ ಕುಡುಗೋಲು ಹಿಡಿಯುತ್ತಾರೆ ಎಂದೆಲ್ಲ ಬರೆದಿಟ್ಟ ಸಂಶೋಧಕ. ಒಂದು ಕುಟುಂಬಕ್ಕೆ ಒಂದು ನೋಟ್‌ಬುಕ್, ಒಟ್ಟು ನಲವತ್ತು.

"ಹೋಗಿದ್ದು ಯಾರ ಮನೇದು?"

"ಗೊತ್ತಿಲ್ಲ. ಹೆಸರು ಬರೆಯಲ್ಲ ಅಂತ ವೀಗಾಂಡ್ ಮಾತು ಕೊಟ್ಟಿದ್ರಂತೆ. ಬರೀ ನಂಬರ್. ಇದು ಒಂಬತ್ತನೇ ಕುಟುಂಬ."

ನೋಟ್‌ಬುಕ್ಕಿನ ಜಾಗದಲ್ಲಿದ್ದದ್ದು ಅದೇ ಅಳತೆಯ ಒಂದು ಶಾಲಾ ಪುಸ್ತಕ. ಬರೆಯದ ಹಾಳೆಗಳು. ಮೇಲೆ ಕಂದು ಕಾಗದದ ಅಚ್ಚುಕಟ್ಟಾದ ಬೈಂಡು. ಗಗನಾ ಕೈಗವಸು ಹಾಕಿಕೊಂಡು ಅದನ್ನು ತಕ್ಕಡಿಗೆ ಇಟ್ಟರು. 212 ಗ್ರಾಂ. ಕೊನೆಯ ಪುಟಕ್ಕೆ ರಟ್ಟಿನ ತುಂಡೊಂದನ್ನು ಅಂಟಿಸಿ ತೂಕ ಸರಿ ಮಾಡಿದ್ದರು. ಬೈಂಡು ಬಿಚ್ಚಿದಾಗ ಕಾಗದದ ಒಳಮೈಯಲ್ಲಿ ಹಸಿರು ಶಾಯಿಯಲ್ಲಿ ಅಚ್ಚಾದ ಶ್ಪಾರ್ಗೆಲ್ ತರಕಾರಿ ಕಟ್ಟಿನ ಚಿತ್ರ, ಅದರ ಕೆಳಗೆ ಅರ್ಧ ಕತ್ತರಿಸಿದ ಹೆಸರು: "...ಡರ್ ಹೋಫ್."

ಮೇ ತಿಂಗಳೆಂದರೆ ಆ ಸೀಮೆಗೆಲ್ಲ ಶ್ಪಾರ್ಗೆಲ್ ಕಾಲ. ಮರಳಿನ ಏರುಮಡಿಯೊಳಗೆ ಬೆಳೆಯುವ ಈ ಬಿಳಿ ಆಸ್ಪರಾಗಸ್ ತರಕಾರಿಯನ್ನು ಮಾರಲು ಪ್ರತಿಯೊಂದು ತೋಟದವರೂ ರಸ್ತೆ ಬದಿಯಲ್ಲಿ ಅಂಗಡಿ ಹಾಕುತ್ತಾರೆ. ಹೋಫ್ ಎಂದರೆ ತೋಟದ ಮನೆ.

"ಇದು ಅಂಗಡಿ ಚೀಲ," ಎಂದ ಟಿಮೋ. "ಒಂದೊಂದೇ ಅಂಗಡಿಗೆ ಹೋಗಿ ಕೇಳ್ತೀನಿ." ಅವನ ದನಿಯಲ್ಲಿ ಬೇಸರವೇನೂ ಇರಲಿಲ್ಲ.

ಆ ವಾರ ಒಂಬತ್ತನೇ ಸಂಖ್ಯೆಯ ಬಾಕ್ಸ್ ತರಿಸಿಕೊಂಡವರು ಇಬ್ಬರೇ ಎಂದು ರಿಜಿಸ್ಟರ್ ಹೇಳಿತು. ಒಬ್ಬರು ಹೆಡ್ವಿಗ್ ಸೀಗ್ಲರ್, ವಯಸ್ಸು ಎಂಬತ್ತೊಂದು. ಇನ್ನೊಬ್ಬರು ಶೇಷಗಿರಿ, ವಯಸ್ಸು ಎಪ್ಪತ್ತೊಂದು, ನಿವೃತ್ತ ಸಸ್ಯವಿಜ್ಞಾನಿ, ಧಾರವಾಡದಿಂದ ಬಂದು ನಲವತ್ತು ವರ್ಷವಾಗಿತ್ತು. ನೋಟ್‌ಬುಕ್ಕಿನ ಫೋಟೋ ತೆಗೆಯಲು ಬಿಡಲಿಲ್ಲವೆಂದು ಬುಧವಾರ ಅವರು ಡೈರೆಕ್ಟರ್ ಜೊತೆ ಜಗಳವಾಡಿದ್ದರು.

ಶನಿವಾರ ಬೆಳಗ್ಗೆ 10.00. ಶೇಷಗಿರಿಯವರ ಮನೆಯ ಬಾಲ್ಕನಿ. ಅವರು ಮೆಂತ್ಯದ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಡೈರೆಕ್ಟರ್ ಜೊತೆ ಯಾಕೆ ಜಗಳ?" ಗಗನಾ ಕೇಳಿದರು.

"ಆಂವಾ ಸಿಟ್ಟು ಬರೋ ಹಂಗ ಮಾತಾಡಿದ, ನಾನೂ ಮಾತಾಡಿದೆ. ಅಷ್ಟ."

"ನೋಟ್‌ಬುಕ್ ನಿಮ್ಮ ಹತ್ರ ಇದೆಯಾ?"

"ನೋಡು ತಂಗಿ," ಶೇಷಗಿರಿ ನೀರಿನ ಡಬ್ಬ ಕೆಳಗಿಟ್ಟರು. "ಅದು ನೂರು ವರ್ಷದ ಹಿಂದಿನ ಕೈಬರಹ. ಆ ಅಕ್ಷರ ಈಗಿನ ಜರ್ಮನ್ ಅಲ್ಲ, ಎಲ್ಲಾ ಚೂಪು ಚೂಪು ಗೀಟು. ನನಗ ಓದಾಕ ಬರೂದಿಲ್ಲ. ಕದ್ದು ತಂದು ಉಪ್ಪಿನಕಾಯಿ ಹಾಕ್ಲೇನು?"

"ಮತ್ತೆ ಮೂರು ದಿನ ಕೂತು ಏನ್ ಮಾಡಿದ್ರಿ?"

"ಬಾಜೂ ಮೇಜಿನ್ಯಾಗ ಒಬ್ಬಾಕಿ ಮುದುಕಿ ಇದ್ಲು. ಆಕಿಗೆ ಅಜ್ಜಿ ಕಲಿಸಿದ್ಲಂತ ಆ ಅಕ್ಷರ. ಸಣ್ಣ ದನೀಲೆ ಓದಿ ಓದಿ ಹೇಳ್ತಿದ್ಲು, ನಾ ಬರಕೊಂತಿದ್ದೆ. ಗೊಬ್ಬರ, ಬೀಜ, ನನಗ ಬೇಕಾದ್ದು ಅಷ್ಟ." ಅವರು ನೆನಪಿಸಿಕೊಂಡು ನಕ್ಕರು. "ಆ ಸಂಶೋಧಕನ ಟೊಪ್ಪಿಗಿ ಮನಿ ಆಕಳಾ ತಿಂದುಬಿಡ್ತಂತ. ಆ ಪುಟಕ್ಕ ಬಂದಾಗ ಆಕಿ ಎಷ್ಟು ನಕ್ಕಳಂದ್ರ, ಶುಭಾ ಬಂದು ಸುಮ್ನಿರ್ರಿ ಅನ್ನಬೇಕಾತು. ಆಮ್ಯಾಲೆ ಆಕಿ ಆ ದಿನ ಓದಲೇ ಇಲ್ಲ. ಕಣ್ಣು ಒರಸ್ಕೋತ ಕುಂತ್ಲು."

"ನಕ್ಕು ನಕ್ಕು ಕಣ್ಣೀರಾ?"

"ಮೊದಲ ಹಂಗ ಅನ್ಕೊಂಡಿದ್ದೆ," ಎಂದರು ಶೇಷಗಿರಿ.

ಅದೇ ಮಧ್ಯಾಹ್ನ 3.40ಕ್ಕೆ ಟಿಮೋ ಫೋನ್ ಮಾಡಿದ. ಸೇಂಟ್ ಲಿಯೋನ್-ರೋಟ್‌ನ ಸಾಫ್ಟ್‌ವೇರ್ ಆಫೀಸುಗಳನ್ನು ದಾಟಿ, ಮರಳು ಹೊಲಗಳ ನಡುವೆ ಹನ್ನೊಂದನೆಯ ಅಂಗಡಿಯಲ್ಲಿ ಅದೇ ಚಿತ್ರದ ಚೀಲ ಸಿಕ್ಕಿತ್ತು. ಬೆಂಡರ್ ಹೋಫ್. ಯಜಮಾನ ಕಾರ್ಲ್ ಬೆಂಡರ್, ಎಪ್ಪತ್ತೆಂಟು ವರ್ಷ. ಬಾಗಿಲ ಮೇಲೆ ಹೊಸ ಹಲಗೆ: "ಯೋಹಾನ್ ಬೆಂಡರ್ ಬೆಳೆಸಿದ ತೋಟ."

"ನೋಟ್‌ಬುಕ್ ವಿಷಯ ಕೇಳಿದ್ಯಾ?"

"ಇಲ್ಲ, ಶ್ಪಾರ್ಗೆಲ್ ತಗೊಂಡೆ. ಸ್ಟ್ರಾಬೆರಿನೂ ತಗೊಂಡೆ. ನಾಳೆ ಅಂಗಡಿ ಇರಲ್ಲ, ಮನೇಲಿ ಹಬ್ಬದೂಟ ಅಂದ್ರು. ಅಜ್ಜ ಯೋಹಾನ್ ಹೆಸರಲ್ಲಿ ನೆಂಟರನ್ನೆಲ್ಲ ಕರೆದಿದ್ದಾರೆ."

ಗಗನಾ ಆ ಸಂಜೆಯೇ ಹೆಡ್ವಿಗ್ ಸೀಗ್ಲರ್ ಮನೆಗೆ ಹೋದರು. ಬಾಗಿಲು ತೆರೆಯಲಿಲ್ಲ. ಭಾನುವಾರ ಬೆಳಗ್ಗೆ 11.15ಕ್ಕೆ ಮತ್ತೆ ಹೋದಾಗ ಪಕ್ಕದ ಮನೆಯಾಕೆ ಹೇಳಿದಳು, "ಅವರು ನಿನ್ನೆಯೇ ತಮ್ಮನ ಮನೆಗೆ ಹೋದ್ರು. ನೀಲಿ ಡ್ರೆಸ್ ಇಸ್ತ್ರಿ ಮಾಡಿಸ್ಕೊಂಡು. ತವರಿನ ಹೆಸರು ಬೆಂಡರ್ ಅಲ್ವಾ."

12.05ಕ್ಕೆ ಪೊಲೀಸ್ ಕಾರು ಬೆಂಡರ್ ಹೋಫ್ ತಲುಪಿತು. ಅಂಗಳದಲ್ಲಿ ಉದ್ದನೆಯ ಮೇಜುಗಳು, ನಲವತ್ತು ಜನ, ಬೇಯಿಸಿದ ಶ್ಪಾರ್ಗೆಲ್ ತಟ್ಟೆಗಳು. ಯಾರೂ ಊಟ ಮಾಡುತ್ತಿರಲಿಲ್ಲ. ಮುಖ್ಯ ಮೇಜಿನ ಬಳಿ ನೀಲಿ ಡ್ರೆಸ್ಸಿನ ವೃದ್ಧೆಯೊಬ್ಬಳು ನಿಂತು ಕಂದು ರಟ್ಟಿನ ಪುಸ್ತಕ ಹಿಡಿದು ಓದುತ್ತಿದ್ದಳು. ಆಕಳು ಟೋಪಿ ತಿಂದ ಪುಟ ಆಗಷ್ಟೇ ಮುಗಿದಿತ್ತು. ನಗುವಿನ್ನೂ ಪೂರ್ತಿ ಅಡಗಿರಲಿಲ್ಲ.

ಹೆಡ್ವಿಗ್ ಸಮವಸ್ತ್ರದ ಟಿಮೋನನ್ನೂ ಅವನ ಪಕ್ಕದ ಗಗನಾರನ್ನೂ ನೋಡಿದಳು.

"ನೀವು ಇದಕ್ಕಾಗಿ ಬಂದಿದ್ದೀರಿ."

"ಹೌದು," ಎಂದರು ಗಗನಾ. "ಇನ್ನೆಷ್ಟು ಪುಟ ಇದೆ?"

"ಎರಡು."

ಗಗನಾ ಕೈಗಡಿಯಾರ ನೋಡಿಕೊಂಡರು. "ಓದಿ."

ಟಿಮೋ ಟೋಪಿ ತೆಗೆದು ಬೆಂಚಿನ ತುದಿಯಲ್ಲಿ ಕುಳಿತ. ಹೆಡ್ವಿಗ್ ಓದಿದಳು. "1911, ಜೂನ್ 3. ಗಂಡನ ಕೆಲಸ ಹನ್ನೊಂದು ಗಂಟೆ. ಹೆಂಡತಿಯ ಕೆಲಸ ಹದಿನಾರೂವರೆ ಗಂಟೆ. ಅವಳ ಅಂಕಣದಲ್ಲಿ ಜಾಗ ಸಾಲದೆ ಬೇರೆ ಚೀಟಿ ಅಂಟಿಸಿದ್ದೇನೆ. ಈ ಮರಳಿನಲ್ಲಿ ಶ್ಪಾರ್ಗೆಲ್ ಬರುತ್ತದೆಂದು ಮೊದಲು ಹೇಳಿದವಳು ಹೆಂಡತಿ. ಗಂಡ ಎರಡು ವರ್ಷ ಒಪ್ಪಲಿಲ್ಲ. ಅವಳು ಕೋಳಿಗೂಡಿನ ಹಿಂದೆ ತಾನೇ ಮೂರು ಸಾಲು ನೆಟ್ಟು ತೋರಿಸಿದಳು. ಇದನ್ನು ತನ್ನ ಅಂಕಣದಲ್ಲಿ ಬರೆಯಬೇಕೆಂದು ಗಂಡ ಇಂದು ನನ್ನನ್ನು ಕೇಳಿಕೊಂಡ. ನಾನು ಅವಳ ಅಂಕಣದಲ್ಲೇ ಬರೆದಿದ್ದೇನೆ."

ಕಾರ್ಲ್ ಬೆಂಡರ್ ಎದ್ದು ಬಂದು ಅಕ್ಕನ ಭುಜದ ಮೇಲಿಂದ ಪುಟವನ್ನು ನೋಡಿದ. ಅವನಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಆದರೂ ಅಂಟಿಸಿದ ಚೀಟಿ ಕಾಣುತ್ತಿತ್ತು; ಮಡಿಸಿಟ್ಟದ್ದನ್ನು ಬಿಚ್ಚಿದರೆ ಪುಸ್ತಕದ ಅಂಚು ದಾಟಿ ಕೆಳಗೆ ಇಳಿಯುತ್ತಿತ್ತು.

12.20ಕ್ಕೆ ಹೆಡ್ವಿಗ್ ಸೀಗ್ಲರ್ ಬಂಧನವಾಯಿತು. ನೋಟ್‌ಬುಕ್ಕನ್ನು ಜಪ್ತಿ ಮಾಡಿ ಮೊಹರು ಹಾಕಲಾಯಿತು. ಕಾರು ಹತ್ತುವ ಮುನ್ನ ಮನೆಯ ಸೊಸೆಯೊಬ್ಬಳು ಹೆಡ್ವಿಗ್‌ಗೆ ಒಂದು ಡಬ್ಬದಲ್ಲಿ ಊಟ ಕಟ್ಟಿಕೊಟ್ಟಳು. ಪೊಲೀಸರಿಗೂ ಎಂದು ಇನ್ನೊಂದು ಡಬ್ಬ ಕೊಡಲು ಬಂದಳು. ನಿಯಮದ ಪ್ರಕಾರ ತೆಗೆದುಕೊಳ್ಳುವಂತಿಲ್ಲ ಎಂದು ಗಗನಾ ಹೇಳಿದಾಗ ಟಿಮೋ ಬೇರೆ ಕಡೆ ನೋಡಿದ.

ಠಾಣೆಯಿಂದ ಗಗನಾ ಮೊದಲು ಮಾಡಿದ್ದು ಶುಭಾಗೆ ಫೋನ್. "ನೋಟ್‌ಬುಕ್ ಸಿಕ್ತು. ನಿಮ್ಮ ತಪ್ಪು ಏನೂ ಇಲ್ಲ ಅಂತ ಡೈರೆಕ್ಟರ್‌ಗೆ ನಾನೇ ಲೆಟರ್ ಬರೀತೀನಿ. ಜರ್ಮನ್‌ನಲ್ಲಿ, ಸ್ಟಾಂಪ್ ಹಾಕಿ."

ಆ ಕಡೆಯಿಂದ ಶುಭಾ ಕರೆದರು, "ಮಂಗಳವಾರ ಬನ್ನಿ ಮೇಡಂ, ಎಕ್ಸಿಬಿಷನ್‌ಗೆ. ಚಿತ್ರಾನ್ನ ಮಾಡ್ಕೊಂಡು ಬರ್ತೀನಿ. ಪೊಲೀಸರು ಅದನ್ನ ತಿನ್ನಬಹುದು ತಾನೆ?"

ಮಧ್ಯಾಹ್ನ 2.00ಕ್ಕೆ ಹೇಳಿಕೆ ದಾಖಲಿಸುವ ಕೆಲಸ ಶುರುವಾಯಿತು. ಹೆಡ್ವಿಗ್ ಏನನ್ನೂ ಮುಚ್ಚಿಡಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಸರಿ ಮಾಡಿದ್ದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

"ಪ್ರತಿ ಕೇಳಬಹುದಿತ್ತಲ್ಲ?" ಗಗನಾ ಕೇಳಿದರು.

"ಕೇಳಿದೆ. ಹದಿನಾಲ್ಕು ತಿಂಗಳು ಕಾಯಿರಿ ಅಂದ್ರು. ನನಗೆ ಎಂಬತ್ತೊಂದು."

"ಪೆನ್ಸಿಲಲ್ಲಿ ಬರ್ಕೊಬಹುದಿತ್ತು."

"ಬರ್ಕೊಂಡು ಹೋಗಿದ್ರೆ ನಾನೇ ಕಟ್ಟಿದ ಕತೆ ಅಂತಿದ್ದ ಕಾರ್ಲ್. ಅವನು ಆ ಕಾಗದ ನೋಡ್ಬೇಕಿತ್ತು." ಹೆಡ್ವಿಗ್ ಕೈ ಮೇಜಿನ ಮೇಲೆ ಜೋಡಿಸಿದಳು. ಬೆರಳ ಗಂಟುಗಳು ದಪ್ಪಗಿದ್ದವು. "ಆಕಳು ಟೋಪಿ ತಿಂದ ಕತೆ ನನ್ನಜ್ಜಿ ಹೇಳ್ತಿದ್ಳು. ಆ ಪುಟ ಓದಿದಾಗಲೇ ಒಂಬತ್ತನೇ ಕುಟುಂಬ ನಮ್ಮದೇ ಅಂತ ಗೊತ್ತಾಯ್ತು. ಮೂರು ಸಾಲು ನೆಟ್ಟಿದ್ದನ್ನ ಒಂದು ದಿನವೂ ಹೇಳಲಿಲ್ಲ. ಕೇಳಿದ್ರೆ, ನಾನು ಸ್ವಲ್ಪ ಸಹಾಯ ಮಾಡ್ದೆ ಅಷ್ಟೇ ಅಂತಿದ್ಳು. ನಮ್ಮಪ್ಪ ತೋಟನ ಕಾರ್ಲ್ ಹೆಸರಿಗೆ ಮಾಡಿದಾಗ ನನ್ನ ಬಗ್ಗೆನೂ ಅದೇ ಮಾತು ಅಂದ. ಹೆಡ್ವಿಗ್ ಸಹಾಯ ಮಾಡ್ತಿದ್ಳು. ನಾನೂ ಆಗ ಹೌದು ಅಂತ ತಲೆ ಆಡಿಸಿಬಿಟ್ಟೆ."

ಪ್ರಕರಣ ಸರ್ಕಾರಿ ವಕೀಲರ ಕಚೇರಿಗೆ ಹೋಗುತ್ತದೆ, ಆಕೆ ಮನೆಗೆ ಹೋಗಬಹುದು ಎಂದು ಗಗನಾ ತಿಳಿಸಿದಾಗ ಸಂಜೆ 4.10. ಅಷ್ಟರಲ್ಲಿ ಟಿಮೋ ಬಾಗಿಲಲ್ಲಿ ಕಾಣಿಸಿಕೊಂಡ. "ಹೊರಗೆ ಕಾರ್ಲ್ ಬೆಂಡರ್ ಕೂತಿದ್ದಾರೆ. ಬಂದು ಎರಡು ತಾಸಾಯ್ತು. ತಾನೂ ಹೇಳಿಕೆ ಕೊಡ್ಬೇಕಂತೆ."

ಕಾರ್ಲ್ ಒಳಗೆ ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕುಳಿತ. ಹಬ್ಬದ ಕೋಟು ಹಾಗೇ ಇತ್ತು.

"ಬರ್ಕೊಳ್ಳಿ," ಎಂದ. "ನನ್ನ ಅಕ್ಕ ಹೆಡ್ವಿಗ್ 1958ರಿಂದ 1997ರವರೆಗೆ ಪ್ರತಿ ವರ್ಷ ನಮ್ಮ ತೋಟದಲ್ಲಿ ಶ್ಪಾರ್ಗೆಲ್ ಕೊಯ್ದಿದ್ದಾಳೆ. ಕೆಲಸ ಮಾಡಿದ್ದಾಳೆ ಅಂತ ಬರೀರಿ. ಸಹಾಯ ಅಂತ ಬೇಡ."

"ಕಳ್ಳತನಕ್ಕೂ ಇದಕ್ಕೂ ಸಂಬಂಧ ಇಲ್ಲವಲ್ಲ," ಎಂದರು ಗಗನಾ.

"ಇಲ್ಲದಿದ್ರೆ ಪರವಾಗಿಲ್ಲ. ಬರೀರಿ."

ಗಗನಾ ಟೈಪ್ ಮಾಡಿ, ಹಾಳೆಯನ್ನು ಸಹಿಗಾಗಿ ಮೇಜಿನ ಮೇಲಿಟ್ಟರು. ಕಾರ್ಲ್ ಪೆನ್ನು ಎತ್ತಿಕೊಂಡ. ಹೆಡ್ವಿಗ್ ಕನ್ನಡಕ ಹಾಕಿಕೊಂಡು ಹಾಳೆಯನ್ನು ತನ್ನ ಕಡೆ ಎಳೆದು ಪೂರ್ತಿ ಓದಿದಳು.

"58 ಅಲ್ಲ," ಎಂದಳು. "57. ನೀನಿನ್ನೂ ಚಿಕ್ಕವನು, ನಿನಗೆ ನೆನಪಿಲ್ಲ."

ಗಗನಾ ಇಸವಿ ತಿದ್ದಿ ಇನ್ನೊಂದು ಹಾಳೆ ತೆಗೆದರು.