ಅವಳ ಹೆಸರಿಗೆ ಬಂದ ಸಂಚಿಕೆಗಳು

"ಸತ್ತವರಿಗೆ ಇನ್ನೂ ಎಷ್ಟು ದಿನ ಪುಸ್ತಕ ಕಳಿಸ್ತೀರಿ?"

ಆತ ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮೂರು ಮಹಡಿ ಹತ್ತಿ ಬಂದ ಏದುಸಿರಿನಲ್ಲೇ ಅಷ್ಟು ಕೇಳಿ, ಹನ್ನೊಂದು ಸಂಚಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟ. ಒಂದರ ಹೊದಿಕೆಯನ್ನೂ ಹರಿದಿರಲಿಲ್ಲ. ಹನ್ನೊಂದರ ಮೇಲೂ ಒಬ್ಬಳೇ ಹೆಂಗಸಿನ ಹೆಸರು.

ಅವಳು ತಲೆಯೆತ್ತಿ ನೋಡಿದಳು. ನಲವತ್ತೈದರ ಆಸುಪಾಸಿನ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಆದರೆ ಒಂದು ಗುಂಡಿ ತಪ್ಪಿ ಮೇಲಿನ ತೂತಿಗೆ ಸೇರಿತ್ತು. ನಿದ್ದೆ ಕಾಣದ ಕಣ್ಣುಗಳು...

ಅದು ಬ್ರಿಡ್ಜ್ ಆಟದ ಮಾಸಪತ್ರಿಕೆಯ ಕಚೇರಿ. ಹೊತ್ತು ಕಳೆಯಲು ಇಸ್ಪೀಟು ಆಡುವವರಿಗಲ್ಲ, ಎದುರುಬದುರು ಕೂತ ಜೊತೆಗಾರ ಕೂಗುವ ಪಣದ ಒಂದು ಮಾತಿನಿಂದ ಅವನ ಕೈಯಲ್ಲಿರುವ ಹದಿಮೂರು ಎಲೆಗಳನ್ನು ಊಹಿಸುವವರಿಗಾಗಿ ನಡೆಯುತ್ತಿದ್ದ ಪತ್ರಿಕೆ. ಸಂಪಾದಕರು ಒಬ್ಬರು, ಪುಟ ಕಟ್ಟುವವರು ಒಬ್ಬರು. ಚಂದಾ ವಿಭಾಗವೆಂದರೆ ಅವಳೊಬ್ಬಳೇ. ಹೊಸಬರನ್ನು ಸೇರಿಸುವುದು, ವಿಳಾಸ ತಿದ್ದುವುದು, ಸಂಚಿಕೆ ತಲುಪಲಿಲ್ಲವೆಂದು ಬೈಯುವವರಿಂದ ಬೈಸಿಕೊಳ್ಳುವುದು. ಎಲ್ಲರೂ ಅವಳನ್ನು ಚಂದಾ ಎಂದೇ ಕರೆಯುತ್ತಿದ್ದರು. ಅವಳ ಹೆಸರೇ ಅದೆಂದು ತಿಳಿದವರೂ ಇದ್ದರು. ಅವಳು ಯಾರನ್ನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಆತ ಹೇಳಿದ. ಹೆಂಡತಿ ತೀರಿಕೊಂಡು ಒಂದು ವರ್ಷದ ಮೇಲಾಯಿತು. ನಿಲ್ಲಿಸಿ ಎಂದು ಆಗಲೇ ಪತ್ರ ಬರೆದಿದ್ದ. ನಿಂತಿದೆಯೆಂದೇ ನಂಬಿದ್ದ. ನಿನ್ನೆ ಅತ್ತೆಯ ಔಷಧಿ ಚೀಟಿ ಹುಡುಕಲು ಬೀರು ತೆಗೆದರೆ, ಸೀರೆಗಳ ಕೆಳಗೆ ಇಷ್ಟು ಸಂಚಿಕೆ. ಕೇಳಿದರೆ ಅತ್ತೆ, ಬರುತ್ತಲೇ ಇತ್ತು, ನಾನು ಎತ್ತಿಟ್ಟೆ ಎಂದರಂತೆ.

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಅವನ ಪತ್ರ ಬಂದಿತ್ತು. ಅವಳೇ ಆ ಹೆಸರು ತೆಗೆದಿದ್ದಳು. ಆದರೆ ಎರಡು ತಿಂಗಳ ನಂತರ ಅದೇ ಹೆಸರಿಗೆ ಮತ್ತೆ ಎರಡು ವರ್ಷದ ಚಂದಾ! ಫೈಲು ತೆಗೆದಾಗ ನಡುಗುವ ಕೈಯಲ್ಲಿ ತುಂಬಿದ ಅರ್ಜಿ ಸಿಕ್ಕಿತು. ಜೊತೆಗೊಂದು ಚೀಟಿ.

'ಮಗಳ ಹೆಸರಲ್ಲೇ ಬರಲಿ. ಈಗ ಅವಳ ಹೆಸರು ಹಿಡಿದು ಯಾರೂ ಬಾಗಿಲಿಗೆ ಬರುವುದಿಲ್ಲ. ಅಳಿಯನಿಗೆ ತಿಳಿಸಬೇಡಿ. ನೊಂದುಕೊಳ್ಳುತ್ತಾನೆ.'

ಅಯ್ಯೋ... ಈ ಚೀಟಿಯನ್ನು ಅಂದು ನಾನು ಓದಿಯೇ ಇಲ್ಲವಲ್ಲ!

ಅವಳು ಫೈಲು ಮುಚ್ಚಿದಳು. "ತಪ್ಪು ನನ್ನದೇ ಸರ್. ಹೆಸರು ತೆಗೆಯೋದು ಮರೆತಿದ್ದೆ. ಇನ್ನು ಅಂಚೆಯಲ್ಲಿ ಬರಲ್ಲ."

ಆತ ಅವಳನ್ನೇ ದಿಟ್ಟಿಸಿದ. "ಸಂಖ್ಯೆ ತೋರಿಸೋಕೆ ಸತ್ತವರನ್ನೂ ಲೆಕ್ಕಕ್ಕೆ ಹಿಡೀತೀರಾ?"

ಕಟ್ಟನ್ನು ಮೇಜಿನ ಮೇಲೇ ಬಿಟ್ಟು ಆತ ಮೆಟ್ಟಿಲಿಳಿದು ಹೋದ. ಎರಡು ದಿನದ ನಂತರ ಸಂಪಾದಕರಿಗೆ ಅವನ ದೂರು ಬಂತು. ಅವರು ಕನ್ನಡಕ ಏರಿಸಿ ಓದಿ, ಏನಿದು ಎಂದು ಕೇಳಿದರು. ಕಣ್ತಪ್ಪಿನಿಂದ ಆಯಿತು ಎಂದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಕಣ್ತಪ್ಪು ಎಂದು ಅವರು ಸುಮ್ಮನಾದರು.

ಅವಳಿಗೆ ನಲವತ್ತೊಂದು. ಒಂಬತ್ತು ವರ್ಷದ ಹಿಂದೆ ಗಂಡ ಮನೆ ಬಿಟ್ಟು ಹೋಗಿದ್ದ. ನಿನ್ನ ಹತ್ತಿರ ಮಾತಾಡಲು ಏನೂ ಇಲ್ಲ ಎಂಬುದೊಂದೇ ಅವನು ಕೊಟ್ಟ ಕಾರಣ. ಆಮೇಲೆ ನರ್ಸ್ ಕೆಲಸದ ಅಕ್ಕನ ಜೊತೆ ಇದ್ದಳು. ಅಕ್ಕ ಪಾಳಿ ಮುಗಿಸಿ ಬರುವ ಹೊತ್ತಿಗೆ ಇವಳು ಹೊರಡುತ್ತಿದ್ದಳು. ಒಂದೇ ಮನೆಯ ಇಬ್ಬರೂ ಬೀಗದ ಕೈಯನ್ನು ಕೈ ಬದಲಿಸುವಾಗ ಮಾತ್ರ ಮಾತಾಡುತ್ತಿದ್ದರು. ಯಾವುದಕ್ಕೂ ಅಳು ಬರುತ್ತಿರಲಿಲ್ಲ. ಸುಸ್ತು ಮಾತ್ರ. ಮಲಗಿ ಎದ್ದರೂ ಇಳಿಯದ ಸುಸ್ತು.

ಆ ಚೀಟಿ ಮಾತ್ರ ಅವಳನ್ನು ಬಿಡಲಿಲ್ಲ.

ಮುಂದಿನ ತಿಂಗಳ ಸಂಚಿಕೆ ಬಂದ ದಿನ ಊಟದ ಬಿಡುವಿನಲ್ಲಿ ತಾನೇ ಹಿಡಿದು ಹೊರಟಳು. ಆತನದು ಕನ್ನಡಕದ ಅಂಗಡಿ, ಮಧ್ಯಾಹ್ನ ಮನೆಯಲ್ಲಿ ಇರುವುದಿಲ್ಲವೆಂದು ದೂರಿನ ಕಾಗದದ ತಲೆಬರಹ ನೋಡಿ ಊಹಿಸಿದ್ದಳು. ಎರಡನೇ ಮಹಡಿಯ ಬಾಗಿಲು ತೆರೆದದ್ದು ಗೋಡೆ ಹಿಡಿದು ನಡೆಯುವ ಮುದುಕಿ. ಚಂದಾ ವಿಭಾಗದಿಂದ ಬಂದೆ ಎಂದಾಗ ಮುದುಕಿಯ ಕಣ್ಣು ಹೋದದ್ದು ಅವಳ ಮುಖಕ್ಕಲ್ಲ, ಕೈಯಲ್ಲಿದ್ದ ಹೊದಿಕೆಯ ಮೇಲಿನ ಹೆಸರಿಗೆ.

"ಒಳಗೆ ಬಾಮ್ಮಾ... ನಿಂತೇ ಕೊಟ್ಟು ಹೋಗಬೇಡ."

ಒಬ್ಬಳೇ ಮಗಳು, ಎರಡೇ ವಾರದ ಜ್ವರ. ಹೋದ ಮೇಲೆ ಅಳಿಯ ಅತ್ತೆಯನ್ನು ಎಲ್ಲಿಗೂ ಕಳಿಸಲಿಲ್ಲ, ಅತ್ತೆಗೂ ಹೋಗಲು ಮನಸ್ಸಾಗಲಿಲ್ಲ. ಮಗಳೂ ಅಳಿಯನೂ ಒಂದೇ ಮೇಜಿನಲ್ಲಿ ಜೊತೆಯಾಗಿ ಆಡುತ್ತಿದ್ದರು. ಆದರೆ ಪತ್ರಿಕೆ ಮಾತ್ರ ಇಬ್ಬರಿಗೂ ಬೇರೆಬೇರೆ. ಹಿಂದಿನ ಪುಟದ ಸಮಸ್ಯೆಗೆ ಇಬ್ಬರೂ ಗುಟ್ಟಾಗಿ ಉತ್ತರ ಬರೆದು, ಊಟಕ್ಕೆ ಕೂತಾಗ ಹೋಲಿಸಿ ಜಗಳ ಆಡುತ್ತಿದ್ದರು. ಅನ್ನ ಆರಿ ಹೋಗುತ್ತಿತ್ತು. ಈಗ ಅವನು ಕ್ಲಬ್ಬಿಗೆ ಹೋಗುವುದಿಲ್ಲ, ಎಲೆ ಮುಟ್ಟುವುದಿಲ್ಲ. ಅವನ ಹೆಸರಿನ ಸಂಚಿಕೆಗಳೂ ಹಾಗೇ ಬಿದ್ದಿವೆ. ಇದನ್ನೆಲ್ಲ ಮುದುಕಿ ಒಂದೇ ಉಸಿರಿಗೆ ಹೇಳಿ ಮುಗಿಸಿ, ಆ ಜಗಳದ ಸಮಸ್ಯೆಯನ್ನೊಂದು ಸಲ ಓದುತ್ತೀಯಾ ಎಂದು ಕೇಳಿದಳು.

ಅವಳು ಓದಿದಳು. ಮುದುಕಿ ಕಣ್ಣು ಮುಚ್ಚಿ ಕೇಳಿದಳು.

"ಒಂದಕ್ಷರ ಅರ್ಥ ಆಗಲ್ಲ. ಆದ್ರೆ ಈ ಮಾತು ಮನೇಲಿ ಕೇಳಿ ಎಷ್ಟು ದಿನ ಆಗಿತ್ತು..."

ತಿಂಗಳಿಗೊಮ್ಮೆ ಎಂದು ಶುರುವಾದದ್ದು ವಾರಕ್ಕೊಮ್ಮೆಯಾಯಿತು. ಹಳೆಯ ಹನ್ನೊಂದು ಸಂಚಿಕೆಗಳನ್ನೂ ಅವಳು ಚೀಲದಲ್ಲಿ ಹೊತ್ತು ತಂದು ಬೀರಿಗೆ ಸೇರಿಸಿದಳು. ಮುದುಕಿಯ ಕೋಣೆಯ ಮುರುಕು ಕುರ್ಚಿಯಲ್ಲಿ ಕೂತರೆ ಅವಳಿಗೂ ಬೆನ್ನು ಸ್ವಲ್ಪ ಹಗುರಾಗುತ್ತಿತ್ತು. ಹದಿನಾಲ್ಕು ವರ್ಷ ಲಕೋಟೆಗೆ ತುಂಬಿದ ಪತ್ರಿಕೆಯನ್ನು ಅವಳು ಮೊದಲ ಬಾರಿಗೆ ಓದುತ್ತಿದ್ದಳು.

ಐದನೇ ತಿಂಗಳು ಅದು ಬಯಲಾಯಿತು. ಅಂಗಡಿಯಲ್ಲಿ ಗಾಜು ಕೊರೆಯುವ ಯಂತ್ರ ಕೆಟ್ಟು ಆತ ಮಧ್ಯಾಹ್ನವೇ ಮನೆಗೆ ಬಂದ. ಒಳಕೋಣೆಯಿಂದ ಹೆಣ್ಣಿನ ದನಿ ಕೇಳಿಸಿತು. "ನಿಮ್ಮ ಕೈಯಲ್ಲಿ ಐದು ಇಸ್ಪೇಟ್, ಒಂದೇ ಡೈಮಂಡ್. ಜೊತೆಗಾರ ಬಲವಿಲ್ಲದ ಕೈಯಲ್ಲೇ ಎರಡು ಡೈಮಂಡ್ ಕೂಗಿದ್ದಾನೆ..." ಬಾಗಿಲಲ್ಲಿ ಆತ ಬಿಳಿಚಿದ ಮುಖದಲ್ಲಿ ನಿಂತಿದ್ದ.

"ಇಲ್ಲಿಗೂ ಬಂದ್ರಾ? ಈ ವಯಸ್ಸಾದ ಜೀವಾನ ಮರುಳು ಮಾಡಿ ಚಂದಾ ಬರೆಸ್ಕೊಳ್ಳೋಕೆ?"

ಅವಳು ಎದ್ದು ಚೀಲ ಎತ್ತಿಕೊಂಡಳು. ಆದರೆ ಮುದುಕಿ ಅವಳ ಮಣಿಕಟ್ಟು ಹಿಡಿದಳು.

"ಬರೆಸಿದ್ದು ನಾನು. ಮುಚ್ಚಿಟ್ಟಿದ್ದೂ ನಾನೇ. ನನ್ನ ಮಾತು ಉಳಿಸೋಕೆ ಈಕೆ ನಿನ್ನ ಹತ್ರ ಬೈಸ್ಕೊಂಡಳು. ಬೈಯೋದಿದ್ರೆ ನನ್ನ ಬೈಯಿ."

ಆತ ಬಾಗಿಲ ಚೌಕಟ್ಟು ಬಿಟ್ಟು ಒಳಗೆ ಬಂದ. ಅತ್ತೆಯ ಕಾಲ ಬಳಿ ನೆಲದ ಮೇಲೆ ಕುಸಿದು ಕೂತ. ನನಗೊಬ್ಬನಿಗೇ ನೋವು ಅಂದುಕೊಂಡುಬಿಟ್ಟಿದ್ದೆ ಅತ್ತೆ ಎಂದ. ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟಳು.

ಚಂದಾ ಮೆಲ್ಲಗೆ ಹೊರಡಲು ನೋಡಿದಾಗ ಅವನು ತಲೆಯೆತ್ತದೆಯೇ ಕೇಳಿದ. "ಆಗ ಓದಿದ ಸಮಸ್ಯೆಗೆ ಉತ್ತರ ಏನು ಅಂದ್ಕೊಂಡ್ರಿ?"

"ಎರಡು ಇಸ್ಪೇಟ್..." ಎಂದಳು, ಅನುಮಾನದಿಂದ.

"ಅಲ್ಲ. ನನ್ನ ಹತ್ರ ಏನೂ ಇಲ್ಲ ಅಂತ ಅವನೇ ಹೇಳ್ತಿದ್ದಾನೆ. ನಂಬಬೇಕು. ಪಾಸ್. ಅವನ ಕೂಗಿಗೇ ಬಿಟ್ಟುಬಿಡಬೇಕು."

ದೂರು ಹಿಂತೆಗೆದುಕೊಳ್ಳಲು ಆತ ಮತ್ತೆ ಮೂರು ಮಹಡಿ ಹತ್ತಿದ. ಸಂಪಾದಕರ ಎದುರೇ ಅವಳ ಕ್ಷಮೆ ಕೇಳಿದ. ಆಟ ಕಲಿಸುತ್ತೇನೆ ಎಂದದ್ದು ಅವನೇ. ವಾರದ ರಜೆಯ ದಿನ ಇಬ್ಬರೂ ಕ್ಲಬ್ಬಿಗೆ ಹೋಗತೊಡಗಿದರು. ಸೋಲುತ್ತಿದ್ದದ್ದೇ ಹೆಚ್ಚು. ಸೋತ ಮೇಲೆ ಬಸ್ ನಿಲ್ದಾಣದವರೆಗೆ ನಡೆದು ಹೋಗುವಾಗ ಆತ ತಪ್ಪುಗಳ ಮಾತೆತ್ತುತ್ತಿರಲಿಲ್ಲ. ಕಣ್ಣು ಪರೀಕ್ಷೆಗೆ ಬಂದು ಅಕ್ಷರಗಳ ಹಲಗೆಯನ್ನು ಬಾಯಿಪಾಠ ಒಪ್ಪಿಸಿದ ಗಿರಾಕಿಯ ಕಥೆ ಹೇಳುತ್ತಿದ್ದ. ಅವಳು ವಿಚಿತ್ರ ಪತ್ರಗಳ ಕಥೆ ಹೇಳುತ್ತಿದ್ದಳು. ಮಾತಾಡಲು ಏನೂ ಇಲ್ಲದವಳು ನಾನೇನಾ... ಎಂದು ಅವಳಿಗೇ ಆಶ್ಚರ್ಯ.

ಒಂದು ದಿನ ಅವಳ ಕೈತಪ್ಪಿನಿಂದ ಗೆಲ್ಲುವ ಆಟ ಸೋತರು. ಪಕ್ಕದ ಮೇಜಿನ ಹಿರಿಯರೊಬ್ಬರು ಆತನತ್ತ ತಿರುಗಿ, ನಿಮ್ಮ ಮನೆಯವರು ಇದ್ದಿದ್ದರೆ ಇದು ಕೈಬಿಟ್ಟು ಹೋಗುತ್ತಿರಲಿಲ್ಲ ಎಂದರು.

"ಹೌದು," ಎಂದ ಆತ.

ಒಂದೇ ಒಂದು ಪದ! ಆ ಇಡೀ ದಾರಿ ಅವಳಿಗೆ ಅವನ ಯಾವ ಕಥೆಯೂ ಕಿವಿಗೆ ಬೀಳಲಿಲ್ಲ. ಖಾಲಿ ಕುರ್ಚಿ ತುಂಬಲು ಸಿಕ್ಕವಳು ನಾನು. ಅದನ್ನೂ ಸರಿಯಾಗಿ ತುಂಬಲಾಗಲಿಲ್ಲ.

ಕೆಲಸ ಹೆಚ್ಚಾಗಿದೆ ಎಂದು ಚೀಟಿ ಕಳಿಸಿ ಕ್ಲಬ್ಬು ಬಿಟ್ಟಳು. ಮುದುಕಿಯ ಮನೆಗೂ ಹೋಗಲಿಲ್ಲ. ಸಂಚಿಕೆಯನ್ನು ಅಂಚೆಗೆ ಹಾಕಿದಳು. ಅಕ್ಕ ಬೀಗದ ಕೈ ಕೊಡುವಾಗ ಅವಳ ಮುಖ ನೋಡಿ, ಯಾವ ಆಸ್ಪತ್ರೆಯಲ್ಲೂ ಇದಕ್ಕೆ ಔಷಧಿ ಇಲ್ಲ, ಹೋಗಿ ಮಾತಾಡು ಎಂದಳು. ಅವಳು ಹೋಗಲಿಲ್ಲ.

ನಾಲ್ಕನೇ ವಾರ ಆತನೇ ಬಂದ. ಕಚೇರಿ ಮುಚ್ಚುವ ಹೊತ್ತು. ಸಂಪಾದಕರು ಇಬ್ಬರನ್ನೂ ಒಮ್ಮೆ ನೋಡಿ, ಎಂದೂ ಹಾಕದ ಟೋಪಿ ಹಾಕಿಕೊಂಡು ಬೇಗನೆ ಹೊರಟುಬಿಟ್ಟರು.

"ಆಟಕ್ಕೆ ಬೇರೆ ಯಾರಾದ್ರೂ ಸಿಗ್ತಾರೆ ನಿಮಗೆ," ಎಂದಳು ಅವಳು, ಕಾಗದ ಜೋಡಿಸುತ್ತ.

"ಆಟಕ್ಕೆ ಜೊತೆ ಕೇಳೋಕೆ ಬಂದಿಲ್ಲ." ಆತ ಮೇಜಿನ ಹತ್ತಿರ ಬಂದ. "ಅವತ್ತು ಹೌದು ಅಂದೆ. ಅವಳಿದ್ದಿದ್ರೆ ಗೆಲ್ತಿದ್ದಳು, ಅದು ನಿಜ. ಸುಳ್ಳು ಹೇಳಲಾರೆ. ಆದ್ರೆ ಆಟ ಮುಗಿದ ಮೇಲೆ ದಾರೀಲಿ ನಡೀತಿದ್ನಲ್ಲ... ಅದು ನಿಮ್ಮ ಜೊತೆ ನಡೆಯೋಕೆ ಅಂತಾನೇ. ಆಟ ಬೇಗ ಮುಗೀಲಿ ಅಂತ ಕಾಯ್ತಿದ್ದೆ. ಎಷ್ಟೋ ಸಲ ನಾನೂ ಬೇಕಂತಲೇ ಸೋತಿದ್ದೀನಿ."

ಅವಳು ಕಾಗದಗಳನ್ನು ಕೆಳಗಿಟ್ಟಳು.

"ನನಗೆ ಸುಸ್ತಾಗಿದೆ," ಎಂದಳು. ಒಂಬತ್ತು ವರ್ಷಗಳ ಮೇಲೆ ಮೊದಲ ಬಾರಿಗೆ ಕಣ್ಣು ತುಂಬಿತು. "ಒಬ್ಬರನ್ನ ಮರೆಸೋ ಶಕ್ತಿ ನನ್ನಲ್ಲಿಲ್ಲ."

"ಮರೆಸೋದು ಬೇಡ. ನಾನೂ ಅತ್ತೆನೂ ಅವಳನ್ನ ಮರೆಯಲ್ಲ. ನೀವು ಯಾರ ಬದಲಿಗೂ ಬರಬೇಕಿಲ್ಲ. ನೀವಾಗಿ ಬನ್ನಿ. ನಿಮ್ಮನ್ನ ನಾನು ಪ್ರೀತಿಸ್ತೀನಿ."

ಕೆಳಗೆ ಬೀದಿಯಲ್ಲಿ ಬಸ್ಸೊಂದು ನಿಂತು ಹೊರಟಿತು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಿಮ್ಮ ಅತ್ತೆಗೆ ಗೊತ್ತಾ?"

"ಅವರೇ ಓಡಿಸಿದ್ದು. ಕರ್ಕೊಂಡು ಬಾ, ಇಲ್ದಿದ್ರೆ ನೀನೂ ಬರಬೇಡ ಅಂದ್ರು. ಒಳಗಿಂದ ಚಿಲಕ ಹಾಕೋ ಸದ್ದೂ ಕೇಳಿಸ್ತು."

ಅವಳಿಗೆ ನಗು ಬಂತು. ಅಳುವಿನ ನಡುವೆಯೇ ಬಂತು.

"ಹಾಗಾದ್ರೆ ನಿಮ್ಮನ್ನ ಮನೆ ಒಳಗೆ ಸೇರಿಸೋಕಾದ್ರೂ ನಾನು ಬರಲೇಬೇಕು."

ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ ಅವಳು ಮೆಟ್ಟಿಲ ತುದಿಯಲ್ಲಿ ಒಂದು ಕ್ಷಣ ನಿಂತಳು. ಆತ ಕೈ ಚಾಚಿದ. ಅವಳು ಹಿಡಿದಳು. ಬೆಚ್ಚಗಿತ್ತು.

"ನಿಧಾನಕ್ಕೆ ಇಳಿಯೋಣ," ಎಂದಳು.

"ಅವಸರ ಏನಿಲ್ಲ," ಎಂದ ಆತ. "ನನಗೂ ಸುಸ್ತಾಗಿದೆ."