ವಾರಕ್ಕೆ ಇನ್ನೂರ ಹತ್ತು ಸಲ ತರಕಾರಿ

"ತರಕಾರಿ ವಾರಕ್ಕೆ ಎಷ್ಟು ಸಲ ತಿಂತೀರಿ?"

"ಇನ್ನೂರ ಹತ್ತು ಸಲ."

ಅವಳ ಪೆನ್ನು ಅಲ್ಲೇ ನಿಂತಿತು. ತಲೆಯೆತ್ತಿ ನೋಡಿದಳು. ಕಾರ್ಖಾನೆ ಕ್ಯಾಂಟೀನಿನ ಅಡುಗೆಯವನು ಅಂಗಿಯ ತೋಳು ಮಡಚಿಕೊಂಡು ಒಲೆಯ ಪಕ್ಕ ನಿಂತಿದ್ದ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ!

"ನೋಡಿ, ನನಗೆ ಇನ್ನೂ ನೂರಾ ಹತ್ತು ಪ್ರಶ್ನೆ ಇದೆ. ತಮಾಷೆಗೆ ಟೈಮಿಲ್ಲ."

"ತಮಾಷೆ ಯಾರು ಮಾಡಿದ್ರು? ನೀವು ಕೇಳಿದ್ರಿ, ನಾನು ಹೇಳ್ದೆ."

"ಸರಿ. ಕೂತು ಪೂರ್ತಿ ಊಟ ಮಾಡೋದು ವಾರಕ್ಕೆ ಎಷ್ಟು ಸಲ?"

"ಒಂದು ಸಲಾನೂ ಇಲ್ಲ."

ಅವಳಿಗೆ ಅಳು ಬರುವುದೊಂದು ಬಾಕಿ.

ಆಹಾರ ಸಮೀಕ್ಷೆಯ ಕೆಲಸಕ್ಕೆ ಸೇರಿ ಅವಳಿಗೆ ಒಂದು ವರ್ಷವಾಗಿತ್ತು. ಜನ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು. ಕೇಳುವುದಕ್ಕೆ ಸುಲಭ, ಆದರೆ ಜನ ನಿಜ ಹೇಳಬೇಕಲ್ಲ! ಸಕ್ಕರೆ ಮುಟ್ಟುವುದೇ ಇಲ್ಲವೆಂದ ಮೇಷ್ಟ್ರ ಮೀಸೆಯ ಮೇಲೆ ಸಕ್ಕರೆ ಹರಳು ಮಿನುಗುತ್ತಿತ್ತು. ದಿನಾ ಹಣ್ಣು ತಿನ್ನುತ್ತೇನೆಂದ ಅಜ್ಜಿಗೆ ಕೊನೆಯ ಸಲ ತಿಂದ ಹಣ್ಣು ಯಾವುದೆಂದೇ ನೆನಪಿರಲಿಲ್ಲ. ಅವರೆಲ್ಲರನ್ನೂ ಸಹಿಸಿಕೊಂಡಿದ್ದಳು. ಆದರೆ ಇವನು...

ಸಿಟ್ಟಿನಲ್ಲಿ ಉಳಿದ ಪ್ರಶ್ನೆಗಳನ್ನು ಓಡಿಸಿದಳು. 'ಒಂದು ಸಲಕ್ಕೆ ಎಷ್ಟು?' ಎಂಬ ಕಾಲಮ್ಮನ್ನು ಕೇಳಲೇ ಇಲ್ಲ. ಎಲ್ಲ ಕಡೆಗೂ 'ಒಂದು ಬಟ್ಟಲು' ಎಂದು ತಾನೇ ಗೀಚಿ ಎದ್ದು ಬಂದುಬಿಟ್ಟಳು.

ಹತ್ತು ದಿನಕ್ಕೆ ಆ ಫಾರಂ ಅವಳ ಮೇಜಿಗೇ ಬಂದು ಬಿತ್ತು.

"ಮನುಷ್ಯ ದಿನಕ್ಕೆ ಮೂವತ್ತು ಬಟ್ಟಲು ತರಕಾರಿ ತಿಂತಾನೇನಮ್ಮ?" ಸಮೀಕ್ಷೆಯ ಮುಖ್ಯಸ್ಥೆ ಕನ್ನಡಕದ ಮೇಲಿಂದ ನೋಡಿದರು. "ಮನೇಲಿ ಕೂತು ತುಂಬಿದ್ದೀಯಾ? ಇದು ಸುಳ್ಳಾದ್ರೆ ನಿನ್ನ ನಾನೂರು ಫಾರಮ್ಮೂ ಕಸದ ಬುಟ್ಟಿಗೆ. ನೀನೂ ಬೇರೆ ಕೆಲಸ ನೋಡ್ಕೋ."

ಒಂದು ವರ್ಷದ ದುಡಿಮೆ! ಅವಳು ನೇರ ಕ್ಯಾಂಟೀನಿಗೆ ನುಗ್ಗಿದಳು.

"ನಾನು ನಿಮಗೇನು ಅನ್ಯಾಯ ಮಾಡಿದ್ದೆ? ಯಾಕೆ ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಿ?"

ಅಡುಗೆಯವನ ಕೈಲಿದ್ದ ಸೌಟು ಹಾಗೇ ನಿಂತಿತು. ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನ ಮುಖ ಸಪ್ಪಗಾಯಿತು.

"ನಾನು ಸುಳ್ಳು ಹೇಳಿಲ್ಲ ಕಣ್ರೀ..." ಎಂದ ಮೆಲ್ಲಗೆ. "ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ನೀವೇ ಎಣಿಸ್ಕೊಳ್ಳಿ. ಭಾನುವಾರ ರಜೆ ಬಿಟ್ರೆ ದಿನಕ್ಕೆ ಮೂವತ್ತೈದು ಸಲ."

ಹೋದಳು. ಮೂಲೆಯ ಸ್ಟೂಲಿನ ಮೇಲೆ ಮೂತಿ ಊದಿಸಿಕೊಂಡು ಕೂತಳು.

ಮುನ್ನೂರು ಜನರ ಅಡುಗೆ. ಒಂದು ಪಾತ್ರೆ ಇಳಿಸಿದರೆ ಇನ್ನೊಂದು. ಅವನು ಸಣ್ಣ ಚಮಚದ ತುದಿಯಲ್ಲಿ ಒಂದು ಚೂರು ತೆಗೆದು ನಾಲಿಗೆಗೆ ಹಚ್ಚುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಉಪ್ಪು ಹಾಕುತ್ತಿದ್ದ. ಮತ್ತೆ ಒಂದು ಚೂರು. ಅವಳು ಗೆರೆ ಹಾಕುತ್ತಲೇ ಹೋದಳು. ಇಪ್ಪತ್ತು... ಇಪ್ಪತ್ತೆಂಟು...

ಮಧ್ಯಾಹ್ನ ಮೂರಕ್ಕೆ ಪಾತ್ರೆಗಳು ಖಾಲಿಯಾದವು.

"ಮೂವತ್ತಾರು," ಎಂದಳು. "ಒಂದು ಜಾಸ್ತಿ."

"ನೀವು ನೋಡ್ತಾ ಇದ್ರಲ್ಲ... ಕೈ ತಪ್ಪಿ ಖಾರ ಜಾಸ್ತಿ ಬಿತ್ತು. ಇನ್ನೊಂದ್ಸಲ ನೋಡ್ಬೇಕಾಯ್ತು."

ಎಲ್ಲ ಸೇರಿಸಿದರೂ ಅವನ ಹೊಟ್ಟೆಗೆ ಹೋದದ್ದು ಒಂದೇ ಬಟ್ಟಲು. ಕೂತು ಊಟ ಮಾಡಲೇ ಇಲ್ಲ. ದಿನಕ್ಕೆ ಮೂವತ್ತೈದರಂತೆ ಆರು ದಿನಕ್ಕೆ ಇನ್ನೂರ ಹತ್ತು... ಅವನು ಹೇಳಿದ್ದೆಲ್ಲ ನಿಜ. ಸುಳ್ಳು ಬರೆದವಳು ತಾನೇ!

'ಊರವರನ್ನೆಲ್ಲ ಸುಳ್ಳರು ಅಂದೆಯಲ್ಲೇ...' ಎಂದು ತನ್ನನ್ನೇ ಬೈದುಕೊಳ್ಳುತ್ತ, ಅವನಿಗೆ ಒಂದು ಮಾತೂ ಹೇಳದೆ ಹೊರಟುಹೋದಳು.

ಮರುದಿನ ಮುಖ್ಯಸ್ಥೆಯೆದುರು ಎಲ್ಲ ಒಪ್ಪಿಕೊಂಡಳು. ಅವರು ಬೈಯುವಷ್ಟು ಬೈದು, ಇನ್ನು ಯಾವ ಫಾರಮ್ಮನ್ನೂ ನಂಬಲಾರೆ, ನಾನೂರು ಮನೆಗೂ ಮತ್ತೆ ಹೋಗಿ ಆ ಕಾಲಮ್ಮನ್ನು ಕೇಳಿಕೊಂಡು ಬಾ ಎಂದರು. ಕೆಲಸ ಉಳಿಯಿತು. ಕಾಲು ಸವೆಯಿತು. ಆದರೆ ಕ್ಯಾಂಟೀನಿನ ಬೀದಿ ಬಂದರೆ ಮಾತ್ರ ಸುತ್ತು ಬಳಸಿ ಹೋಗುತ್ತಿದ್ದಳು.

"ಊರವರ ತಟ್ಟೆ ಲೆಕ್ಕ ಇಡ್ತೀಯ, ನಿನ್ನ ತಟ್ಟೇಲಿ ತುತ್ತು ಹಾಗೇ ಇದೆ," ಎಂದರು ಅಮ್ಮ, ಒಂದು ರಾತ್ರಿ. "ಯಾರೇ ಅವನು?"

"ಯಾರೂ ಇಲ್ಲಮ್ಮ! ಒಬ್ಬ ಅಡುಗೆಯವನು!"

"ಯಾರು ಅಂದೆ. ಕೆಲಸ ಏನು ಅಂತ ಕೇಳ್ಲಿಲ್ಲ."

ಅವಳು ಕೆನ್ನೆ ಕೆಂಪಾಗಿ ಎದ್ದುಹೋದಳು.

ಹದಿನೈದನೆಯ ದಿನ ಅವನೇ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ನೋಟ್‌ಬುಕ್ಕು.

"ಒಂದು ವಾರದ್ದು ಬರ್ದಿದ್ದೀನಿ. ಎಷ್ಟು ಚಮಚ ಅಂತಾನೂ ಹಾಕಿದ್ದೀನಿ. ನಿಮ್ಮ ಕೆಲಸ ಹೋಗ್ಬಾರ್ದಲ್ಲ..."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ತಪ್ಪು ನಂದು," ಎಂದಳು. "ನಿಮ್ಮನ್ನ ಸುಳ್ಳ ಅಂದ್ಕೊಂಡೆ. ಕ್ಷಮಿಸಿ ಅನ್ನೋಕೂ ಮುಖ ಇರ್ಲಿಲ್ಲ."

"ಅಯ್ಯೋ, ನಾನು ನೀವಿನ್ನೂ ಸಿಟ್ಟಲ್ಲಿದ್ದೀರಿ ಅಂದ್ಕೊಂಡು ದಿನಾ ಆ ಸ್ಟೂಲು ನೋಡ್ತಿದ್ದೆ!"

ಅವಳು ಅವನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡಳು.

"ಒಂದು ಕೇಳ್ಲಾ? ಫಾರಮ್ಮಿಗಲ್ಲ," ಎಂದಳು. "ಅಷ್ಟು ಜನಕ್ಕೆ ಬಡಿಸಿ ನೀವ್ಯಾಕೆ ಊಟಕ್ಕೆ ಕೂರಲ್ಲ?"

"ರುಚಿ ನೋಡಿ ನೋಡಿ ಹಸಿವು ಸತ್ತಿರುತ್ತೆ. ಆಮೇಲೆ... ಎದುರಿಗೆ ಯಾರೂ ಇಲ್ದೆ ತಟ್ಟೆ ಇಟ್ಕೊಂಡ್ರೆ ಗಂಟಲಲ್ಲಿ ಇಳಿಯಲ್ಲ." ಅವನು ನೆಲ ನೋಡಿದ. "ನಾಳೆ ಮೂರು ಗಂಟೆಗೆ ಊಟಕ್ಕೆ ಬರ್ತೀರಾ?"

ಬಂದಳು. ಖಾಲಿ ಕ್ಯಾಂಟೀನಿನ ಉದ್ದ ಮೇಜಿನ ಕೊನೆಯಲ್ಲಿ ಎರಡು ತಟ್ಟೆ. ಅವಳು ಮೊದಲ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ರೀ... ಬೇಳೆಗೆ ಉಪ್ಪೇ ಇಲ್ಲ!"

"ಗೊತ್ತು. ಬೆಳಿಗ್ಗೆಯಿಂದ ಮುನ್ನೂರು ಜನ ಬೈದು ಹೋದ್ರು. ಇವತ್ತು ಯಾವುದನ್ನೂ ರುಚಿ ನೋಡ್ಲಿಲ್ಲ."

"ಯಾಕೆ?"

"ನಿಮ್ಮ ಜೊತೆ ಹಸಿದು ಕೂರ್ಬೇಕು ಅನ್ನಿಸ್ತು."

ಇಂಥವನ ಜೊತೆ ಏಗುವುದು ಹೇಗೆ, ದೇವರೇ!

"ನಾಳೆಯಿಂದ ರುಚಿ ನೋಡಿ," ಎಂದಳು, ಕಣ್ಣು ಒರೆಸಿಕೊಳ್ಳುತ್ತ. "ಪಾಪ, ಆ ಜನ ಏನು ಮಾಡಿದ್ರು?"

"ಮತ್ತೆ ನನ್ನ ಹಸಿವು?"

"ಸಂಜೆ ಹೊತ್ತಿಗೆ ಬರುತ್ತಲ್ಲ. ಮನೆಗೆ ಬನ್ನಿ. ಅಮ್ಮ ನೋಡ್ಬೇಕು ಅಂತಿದ್ದಾರೆ."

"ಅಮ್ಮನಿಗೆ ನಾನು ಯಾರು ಅಂತ ಹೇಳಿದ್ದೀರಿ?"

"ಇನ್ನೂ ಹೇಳಿಲ್ಲ," ಎಂದು ಅವಳು ಅವನ ತಟ್ಟೆಗೆ ಅನ್ನ ಬಡಿಸಿದಳು. "ನೀವು ಕೇಳಿದ್ರೆ ತಾನೇ ಹೇಳೋದು?"

ಅವನು ಕೇಳಿದ. ಅವಳು ಹೂಂ ಅಂದಳು.